ಹಸಿರು ಟಿಕ್ ಬರುವವರೆಗೂ

"ಮರ್ಜ್ ಮಾಡಿದ್ದು ನೀವೇನಾ?"

ಬೆನ್ನ ಹಿಂದಿನಿಂದ ಬಂದ ಆ ದನಿ ಕೇಳಿ ಅನುಶ್ರೀ ನಿಂತಲ್ಲೇ ಕಲ್ಲಾದಳು.

ಆ ದನಿ...!

ತಿಂಗಳುಗಟ್ಟಲೆ ಫೋನನ್ನು ಕಿವಿಗೊತ್ತಿಕೊಂಡು ಕೇಳಿದ ದನಿ. ನಗುವಾಗ ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ಮುಖವನ್ನು ಮಾತ್ರ ಅವಳು ಇದುವರೆಗೆ ಒಮ್ಮೆಯೂ ನೋಡಿರಲಿಲ್ಲ.

ತಿರುಗಿದಳು. ಮಂಜಿನಲ್ಲಿ ನೆನೆದ ಜರ್ಕಿನ್, ಹೆಲ್ಮೆಟ್ ಒತ್ತಿ ಅಂಟಿಹೋದ ಕೂದಲು, ನಿದ್ದೆಯಿಲ್ಲದ ಕೆಂಪು ಕಣ್ಣು. ಮಡಿಕೇರಿಯಿಂದ ಬೈಕಿನಲ್ಲಿ ಒಂದೇ ಉಸಿರಿಗೆ ಇಳಿದು ಬಂದಿದ್ದ ಶಿಶಿರ್.

ಎಷ್ಟು ಸಲ ಕಲ್ಪಿಸಿಕೊಂಡಿದ್ದಳು ಈ ಗಳಿಗೆಯನ್ನು! ವಿರಾಜಪೇಟೆಯ ಆಫೀಸಿನ ಮೆಟ್ಟಿಲ ಮೇಲೋ, ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲೋ... ಹೀಗಲ್ಲ. ನೆಲ್ಯಹುದಿಕೇರಿಯ ಈ ಎಸ್ಟೇಟ್ ಗೇಟಿನ ಮುಂದೆ, ಅಡ್ಡ ನಿಲ್ಲಿಸಿದ ಅರಣ್ಯ ಇಲಾಖೆಯ ಜೀಪಿನ ಪಕ್ಕದಲ್ಲಿ, ತಪ್ಪಿತಸ್ಥೆಯಾಗಿ ಅಂತೂ ಖಂಡಿತ ಅಲ್ಲ.

"ಹೇಳಿ. ನೀವೇನಾ?"

"ಹೂಂ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಚೆಕ್ಸ್ ಸ್ಕಿಪ್ ಮಾಡಿದ್ದೂ?"

"ಹೂಂ."

"ಯಾಕೆ?"

ಅನುಶ್ರೀ ತುಟಿ ತೆರೆದಳು. ಏನೆಂದು ಹೇಳಲಿ? ನಿಮ್ಮ ಜೊತೆ ಮಾತಾಡಬೇಕಾಗುತ್ತದೆ ಅಂತ ಸ್ಕಿಪ್ ಮಾಡಿದೆ ಅನ್ನಲೇ?

"ಜಗಳ ಆಮೇಲೆ ಆಡಿ ಮಾರಾಯ್ರೇ!" ಜೀಪಿನಿಂದ ತಲೆ ಹೊರಹಾಕಿ ಗದರಿದರು ಬೆಳ್ಳಿಯಪ್ಪ. ಆನೆ ಕಾವಲು ತಂಡದ ಹಿರಿಯ ವಾಚರ್. ಕೈಯಲ್ಲಿ ವಾಕಿ ಟಾಕಿ. ಇಬ್ಬರಿಗೂ ಬೆಳಿಗ್ಗೆ ಫೋನ್ ಮಾಡಿ ಕರೆಸಿದವರು ಅವರೇ. "ಮರಿ ಇರುವ ಹೆಣ್ಣಾನೆ ಉಂಟು ಒಳಗೆ, ಜೊತೆಗೆ ಇನ್ನೂ ಎರಡು. ಮೇಲಿನ ಲೈನುಮನೆಯ ಕೂಲಿಯವರೆಲ್ಲ ಬಾಗಿಲು ಹಾಕಿ ಕೂತಿದ್ದಾರೆ, ಫೋನ್ ಬಂತಂತೆ. ಕೆಳಗಿನ ಲೈನಿಗೆ ಒಂದು ಫೋನೂ ಇಲ್ಲ! ಅರ್ಧ ಜನ ಆಗಲೇ ಕಾಫಿ ಪಿಕಿಂಗಿಗೆ ಹೊರಟಿದ್ದಾರೆ."

"ನಾನು ಒಳಗೆ ಹೋಗ್ತೀನಿ..." ಅನುಶ್ರೀ ಗೇಟಿನ ಕಡೆ ಹೆಜ್ಜೆ ಇಟ್ಟಳು.

"ಎಲ್ಲಿಗೆ ಹೋಗೋದು? ಒಳಗೆ ಹೋಗ್ಲಿಕ್ಕೆ ಇಲ್ಲ. ಆಮೇಲೆ ನಿಮ್ಮನ್ನೂ ಹುಡುಕಬೇಕು ನಾವು!"

"ದೊಡ್ಡಿ ಎಲ್ಲಿದ್ದಾರೆ ಸರ್? ದೊಡ್ಡಿ ಅಂತ... ಸ್ವಲ್ಪ ವಯಸ್ಸಾದವರು..."

ಬೆಳ್ಳಿಯಪ್ಪ ಗೇಟಿನಾಚೆಯ ಮಂಜಿನ ಕಡೆ ಕಣ್ಣು ಹೊರಳಿಸಿದರು.

"ಅವಳು ಎಲ್ಲರಿಗಿಂತ ಮೊದಲೇ ಹೋಗಿದ್ದಾಳಂತೆ. ಕರಿಮೆಣಸು ಕುಯ್ಯಲಿಕ್ಕೆ. ಆನೆ ಇರುವ ಬ್ಲಾಕಿಗೇ."

ದೇವರೇ...!

ದೊಡ್ಡಿಯ ನಂಬರನ್ನು ಸೇರಿಸಿದ್ದು ಅನುಶ್ರೀಯೇ. ಹೋದ ವಾರ ಇದೇ ಕೆಳಗಿನ ಲೈನಿಗೆ ಬಂದಿದ್ದಾಗ, ಯಾರ ಮನೆಯ ಬಾಗಿಲು ಬಡಿಯುವುದಕ್ಕೂ ನಾಚಿಕೊಂಡು ನಿಂತಿದ್ದವಳ ಕೈ ಹಿಡಿದು ಮನೆಮನೆಗೂ ಕರೆದುಕೊಂಡು ಹೋದವಳು ದೊಡ್ಡಿ. "ಇದು ನಮ್ಮ ಆನೆ ಕೂಸು ಕಣ್ರೋ! ಮೇಲಿನ ಲೈನಿನವ್ರ ಫೋನಲ್ಲಿ ಮಾತಾಡ್ತದಲ್ಲ, ಅದೇ!" ಎಂದು ಎಲ್ಲರಿಗೂ ತೋರಿಸಿ ನಕ್ಕಿದ್ದಳು.

ಆನೆ ಬಂದಾಗ ಎಸ್ಟೇಟಿನವರ ಫೋನಿಗೆ ಹೋಗುವ ಎಚ್ಚರಿಕೆಯ ಕರೆಯಲ್ಲಿ ಇದ್ದದ್ದು ಅನುಶ್ರೀಯದೇ ದನಿ. 'ನಮಸ್ಕಾರ. ಆನೆ ಹತ್ತಿರದಲ್ಲಿದೆ. ಮನೆಯಿಂದ ಹೊರಗೆ ಬರಬೇಡಿ.' ಬೆಳ್ಳಿಯಪ್ಪ ತಮ್ಮ ಫೋನಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು, ಆ ದನಿ ಲೈನುಮನೆಗಳಿಗೆಲ್ಲ ಹೋಗಬೇಕು.

ಇವತ್ತು ಬೆಳಿಗ್ಗೆ ಅವರು ಬಟನ್ ಒತ್ತಿದ್ದರು. ಕೆಳಗಿನ ಲೈನಿಗೆ ದನಿ ಹೋಗಲಿಲ್ಲ. ಹೋಗದ ಹಾಗೆ ಮಾಡಿದವಳು ಆ ದನಿಯ ಒಡತಿಯೇ!

* * *

ಹಿಂದಿನ ದಿನ ನಡೆದದ್ದು ಇಷ್ಟು.

ವಿರಾಜಪೇಟೆಯಲ್ಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ಈ ಎಚ್ಚರಿಕೆಯ ಕರೆ ನಡೆಸುವ ಅವರ ಕಂಪನಿ. ಅನುಶ್ರೀ ಕುಶಾಲನಗರದ ಹತ್ತಿರದ ತನ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಶಿಶಿರ್ ಮಡಿಕೇರಿಯಿಂದ. ಅವಳು ಬರೆದ ಕೋಡನ್ನು ತಿದ್ದುವವನು ಅವನು. ಕ್ಯಾಮೆರಾ ಹಾಕಿದರೆ ನೆಟ್ ಹೋಗುತ್ತಿತ್ತು. ಹಾಗಾಗಿ ಬರೀ ದನಿ.

ಅಲ್ಲೊಂದು ಪದ್ಧತಿ ಇತ್ತು. ಬೇರೆ ಬೇರೆಯಾಗಿ ಬರೆದ ಬದಲಾವಣೆಗಳನ್ನು ಒಂದಕ್ಕೊಂದು ಸೇರಿಸಿ ಮರ್ಜ್ ಮಾಡಿದ ಮೇಲೆ, ಕಂಪ್ಯೂಟರ್ ತಾನಾಗಿಯೇ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡುತ್ತಿತ್ತು. ಸರಿಯಿದ್ದರೆ ಹಸಿರು ಟಿಕ್. ತಪ್ಪಿದ್ದರೆ ಕೆಂಪು ಗುರುತು, ಆ ಕೋಡು ಬಾಗಿಲಲ್ಲೇ ನಿಲ್ಲುತ್ತಿತ್ತು. ಇದಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ಅಷ್ಟು ಹೊತ್ತು ಮರ್ಜ್ ಮಾಡಿದವರೂ ತಿದ್ದಿದವರೂ ಫೋನಿನಲ್ಲಿ ಜೊತೆಗಿರಬೇಕು. ಇದು ಶಿಶಿರನೇ ಮಾಡಿದ ನಿಯಮ.

ಮೊದಮೊದಲು ಆ ಅರ್ಧ ಗಂಟೆಯಲ್ಲಿ ಇಬ್ಬರೂ ಉಸಿರು ಮಾತ್ರ ಬಿಡುತ್ತಿದ್ದರು! ಆಮೇಲೆ ಅವನು ತನ್ನ ಅಪ್ಪ ನಾಗೇಶ್ವರ ಭಟ್ಟರು ದೇವಸ್ಥಾನದಲ್ಲಿ ಕನ್ನಡಕ ಮರೆತು ಬಂದ ಕಥೆ ಹೇಳಿದ. ಅವಳು ತಮ್ಮ ಮನೆಯ ಕೋಳಿ ಕೀಬೋರ್ಡಿನ ಮೇಲೆ ನಡೆದ ಕಥೆ ಹೇಳಿದಳು. ನಾಲ್ಕು ಜನರೆದುರು ಹೆಸರು ಹೇಳುವುದಕ್ಕೂ ತಡವರಿಸುವ ಅನುಶ್ರೀ ಆ ಅರ್ಧ ಗಂಟೆಯಲ್ಲಿ ಮಾತ್ರ ಬೇರೆಯೇ ಹುಡುಗಿ.

ಹಸಿರು ಟಿಕ್ ಬಂದೊಡನೆ ಅವನು ಕೇಳುತ್ತಿದ್ದ: "ಬಂತು. ಇಡ್ಲಾ?"

"ಹ್ಮ್... ಇಡಿ."

ಇಬ್ಬರಿಗೂ ಫೋನ್ ಇಡಲು ಮನಸ್ಸಿಲ್ಲ. ಇಬ್ಬರೂ ಅದನ್ನು ಹೇಳಿದವರಲ್ಲ.

ನಿನ್ನೆ ಸೇರಬೇಕಾಗಿದ್ದದ್ದು ಎರಡು ಬದಲಾವಣೆ. ಹೊಸ ನಂಬರುಗಳನ್ನು, ಆ ಮನುಷ್ಯರೇ ಫೋನ್ ಎತ್ತಿ ಹೌದು ಎನ್ನುವವರೆಗೆ, 'ಖಾತ್ರಿಯಾಗಿಲ್ಲ' ಎಂದು ಬೇರೆ ಇಡುವುದು ಅವಳದು. ಖಾತ್ರಿಯಿಲ್ಲದ ನಂಬರಿಗೆ ಕರೆ ಮಾಡದಿರುವುದು ಅವನದು. ಯಾರ್ಯಾರಿಗೋ ಕರೆ ಹೋಗಿ ಬೈಗುಳ ಬರುತ್ತಿದೆ ಎಂದು ಅವನು ಬರೆದದ್ದು. ಒಂದೊಂದೇ ಪರೀಕ್ಷೆ ಮಾಡಿದಾಗ ಎರಡೂ ಪಾಸ್. ಎರಡೂ ಸೇರಿದರೆ...? ಹೊಸಬರೇ ತುಂಬಿದ್ದ ಕೆಳಗಿನ ಲೈನಿಗೆ ಒಂದು ಕರೆಯೂ ಇಲ್ಲ.

ಸೇರಿಸಿದ ಮೇಲಿನ ಪರೀಕ್ಷೆ ಇದನ್ನು ಖಂಡಿತ ಹಿಡಿಯುತ್ತಿತ್ತು. 'ಹೊಸ ನಂಬರಿಗೂ ಕರೆ ಹೋಗಬೇಕು' ಎಂಬ ಪರೀಕ್ಷೆಯನ್ನು ಬರೆದವಳು ಅನುಶ್ರೀಯೇ!

ಆದರೆ ಮರ್ಜ್ ಮಾಡಲು ಕೂತ ಹೊತ್ತಿಗೇ ಅಮ್ಮ ವನಜಮ್ಮ ಬಾಗಿಲು ತಳ್ಳಿಕೊಂಡು ಬಂದಿದ್ದರು.

"ಇನ್ನೂ ಅದನ್ನೇ ಕುಟ್ತಾ ಕೂತಿದ್ದೀಯೇನೇ? ಧರ್ಮೇಶನ ಮನೆಯವ್ರು ಗೇಟ್ ತಾವ ಬಂದವ್ರೆ! ಏಳು, ಸೀರೆ ಉಟ್ಕೊ!"

"ಅಮ್ಮ... ನಾನು ಬೇಡ ಅಂದಿದ್ದೆ..."

"ಯಾವಾಗ ಅಂದೆ? ಬಾಯಿ ಬಿಟ್ಟು ಅಂದ್ಯಾ? ತಲೆ ಬಗ್ಗಿಸ್ಕಂಡು ಕೂತಿದ್ದೆ. ನಾವು ಹೂಂ ಅಂದ್ಕಂಡೋ."

ಅವಳ ಮುಂದೆ ತೆರೆಯ ಮೇಲೆ ಮರ್ಜ್ ಬಟನ್. ಒತ್ತಿದರೆ ಚೆಕ್‌ಗಳು ಶುರು. ಶುರುವಾದರೆ ಅವನ ಫೋನ್. 'ಏನ್ ಸಮಾಚಾರ ಅನುಶ್ರೀ?' ಎಂದು ಆ ದನಿ ಕೇಳುತ್ತದೆ. ಒಂದು ಕೈಯಲ್ಲಿ ಸೀರೆಯ ಸೆರಗು ಹಿಡಿದುಕೊಂಡು, ಹೊರಗೆ ಗಂಡಿನ ಕಡೆಯವರ ಚಪ್ಪಲಿ ಸದ್ದು ಕೇಳುತ್ತಾ, ಆ ದನಿಗೆ ಏನೆಂದು ಉತ್ತರ ಕೊಡಲಿ? ಅತ್ತುಬಿಡುತ್ತೇನೆ...

ಮರ್ಜ್ ಮಾಡುವಾಗ ಬರೆಯುವ ಸಣ್ಣ ಟಿಪ್ಪಣಿಯಲ್ಲಿ ಒಂದು ಪದ ಸೇರಿಸಿದರೆ ಸಾಕು, ಪರೀಕ್ಷೆಗಳು ಓಡುವುದೇ ಇಲ್ಲ. ಕಾಗುಣಿತ ತಿದ್ದುವಂಥ ಸಣ್ಣ ಕೆಲಸಕ್ಕೆ ಮಾತ್ರ ಬಳಸಬೇಕು ಎಂದು ಅವನೇ ಹೇಳಿಕೊಟ್ಟಿದ್ದ ಪದ.

ಎರಡೂ ಪಾಸ್ ಆಗಿವೆಯಲ್ಲ... ಏನೂ ಆಗಲ್ಲ...

'ಸ್ಕಿಪ್' ಎಂದು ಬರೆದಳು. ಒತ್ತಿದಳು. ಲ್ಯಾಪ್‌ಟಾಪ್ ಮುಚ್ಚಿದಳು.

ಫೋನ್ ಬರಲಿಲ್ಲ.

ಅವಳು ಕಾಫಿ ಲೋಟಗಳ ತಟ್ಟೆ ಹಿಡಿದು, ಯಾರ ಮುಖವನ್ನೂ ನೋಡದೆ ನಡುಮನೆಗೆ ಹೋದಳು.

* * *

"ಅನುಶ್ರೀ! ಕೇಳಿಸ್ತಿದೆಯಾ?"

ಶಿಶಿರ್ ಜೀಪಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಿದ್ದ. "ಈಗ ಕೋಡ್ ಸರಿ ಮಾಡ್ತಾ ಕೂರೋಕೆ ಟೈಮಿಲ್ಲ. ಕೆಳಗಿನ ಲೈನಿನ ನಂಬರೆಲ್ಲ ಇಲ್ಲಿವೆ. ಒಬ್ಬೊಬ್ಬರಿಗೇ ಫೋನ್ ಮಾಡೋಣ."

ಅವನೇ ಮೊದಲು ಮಾಡಿದ. "ಹಲೋ, ಆನೆ ಬಂದಿದೆ, ಹೊರಗೆ..."

"ಯಾರದು? ಬ್ಯಾಂಕಿಂದಾ? ಬೇಡ ಬೇಡ!" ಕಟ್.

ಇನ್ನೊಂದು. "ನೋಡಿ, ನಾನು ಆನೆ ಅಲರ್ಟ್..."

"ರಾಂಗ್ ನಂಬರ್ ಸಾರ್." ಕಟ್.

ಅವನು ಫೋನನ್ನು ಅವಳ ಮುಂದೆ ಹಿಡಿದ. "ನನ್ನ ದನಿ ಅವರಿಗೆ ಗೊತ್ತಿಲ್ಲ. ನಿಮ್ಮದು ಗೊತ್ತು."

ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದು ಎಂದರೆ ಅನುಶ್ರೀಗೆ ಜ್ವರ ಬಂದಂತೆ. ಗ್ಯಾಸ್ ಬುಕ್ ಮಾಡಲೂ ತಮ್ಮನನ್ನು ಕಾಡುವವಳು.

ಆದರೆ ಗೇಟಿನಾಚೆ, ಕಾಫಿ ಗಿಡಗಳ ಮೇಲೆ ಮಂಜು ಅಲುಗದೆ ನಿಂತಿತ್ತು. ಅದರೊಳಗೆ ಎಲ್ಲೋ ಒಂದು ಕೊಂಬೆ ಲಟಕ್ಕನೆ ಮುರಿಯಿತು.

ಅವಳು ಫೋನ್ ಕಸಿದುಕೊಂಡಳು.

"ನಮಸ್ಕಾರ. ಆನೆ ಹತ್ತಿರದಲ್ಲಿದೆ. ಮನೆಯಿಂದ ಹೊರಗೆ ಬರಬೇಡಿ."

"ಅಯ್ಯೋ, ಆನೆ ಕೂಸಿಂದು! ಲೇ, ಬಾಗಿಲು ಹಾಕ್ರೋ!"

ಇನ್ನೊಂದು ನಂಬರ್. ಮತ್ತೊಂದು. ಅವನು ಓದಿ ಹೇಳಿದ, ಅವಳು ಮಾತಾಡಿದಳು. ಕೆಲವರು ಯಂತ್ರವೆಂದೇ ತಿಳಿದು ಅರ್ಧಕ್ಕೇ ಇಟ್ಟರು. ಇಡಲಿ, ಒಳಗಿದ್ದರೆ ಸಾಕು! ತೋಟಕ್ಕೆ ಇಳಿದಿದ್ದ ಇಬ್ಬರು ಹೆಂಗಸರು ಚೀಲ ಬಿಸಾಡಿ ಸ್ಟೋರಿನೊಳಗೆ ಓಡಿದ ಸದ್ದು ಫೋನಿನಲ್ಲೇ ಕೇಳಿತು. ಅವಳಿಗೆ ನಾಚಿಕೆ ನೆನಪಾಗಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ದನಿ ಮಾತ್ರ ರೆಕಾರ್ಡಿನಲ್ಲಿ ಇದ್ದ ಹಾಗೆಯೇ ಇತ್ತು.

ಎಲ್ಲರೂ ಎತ್ತಿದರು. ಒಬ್ಬಳ ಹೊರತು.

'ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ...'

"ದೊಡ್ಡಿ... ಎತ್ತು ದೊಡ್ಡಿ..."

ಮತ್ತೆ ಮಾಡಿದಳು. ಮತ್ತೆ. ಮತ್ತೆ!

"ಆ ಬ್ಲಾಕಲ್ಲಿ ರೇಂಜೇ ಇಲ್ಲ," ಬೆಳ್ಳಿಯಪ್ಪ ಮೆಲ್ಲಗೆ ಹೇಳಿದರು. "ಲೈನಿಂದ ಹೊರಡುವ ಮೊದಲು ಫೋನ್ ಬಂದಿದ್ರೆ ಸಿಗ್ತಿತ್ತು. ನಮ್ಮ ಹುಡುಗರು ಒಳಗೆ ಹೋಗಿದ್ದಾರೆ. ಕಾಯಬೇಕು, ಅಷ್ಟೇ."

ಆಗ ಒಳಗಿನಿಂದ ಆನೆಯ ಘೀಳು ಬಂತು.

ಅನುಶ್ರೀ ನೆಲಕ್ಕೆ ಕುಸಿದಳು.

"ನಾನು ಕೊಂದೆ... ಒಂದು ಪದ ಬರೆದು ಕೊಂದುಬಿಟ್ಟೆ ಅವಳನ್ನ..."

ಶಿಶಿರ್ ಅವಳ ಪಕ್ಕ ಮಣ್ಣಿನಲ್ಲೇ ಕುಳಿತ. ಬೈಯಬೇಕೆಂದೇ ಬಂದಿದ್ದ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡಿದ್ದ. ಈಗ ಒಂದೂ ಸಿಗಲಿಲ್ಲ.

ಅವನೊಳಗೂ ಒಂದು ಮುಳ್ಳು ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

"ನೀವೊಬ್ಬರೇ ಅಲ್ಲ," ಎಂದ, ನೆಲ ನೋಡುತ್ತಾ. "ನಿನ್ನೆ ಸಂಜೆಯೇ ಸ್ಕಿಪ್ ಅಂತ ನೋಡಿದೆ. ಒಂದು ಬಟನ್ ಒತ್ತಿ ನಾನೇ ಚೆಕ್ ಓಡಿಸಬಹುದಿತ್ತು. ಓಡಿಸಲಿಲ್ಲ."

"ಯಾಕೆ...?"

"ಕೋಪ! ಫೋನ್ ಹಿಡ್ಕೊಂಡು ಕಾಯ್ತಾ ಕೂತಿದ್ದೆ ನಾನು. ಹೇಳೋಕೆ ಅಂತ ಒಂದು ಮಾತು ಇಟ್ಕೊಂಡಿದ್ದೆ. ನೀವು ಆ ಅರ್ಧ ಗಂಟೆಯನ್ನೇ ಬೇಡ ಅಂದ್ರಿ. ನನ್ನ ಜೊತೆ ಮಾತಾಡೋದು ಅಷ್ಟು ಬೇಸರ ಆಗಿದೆ ಅಂದ್ಕೊಂಡೆ. ಹಾಳಾಗಿ ಹೋಗಲಿ ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟೆ."

ಅನುಶ್ರೀ ತಲೆಯೆತ್ತಿ ಅವನನ್ನೇ ನೋಡಿದಳು. ಬೇಸರವೇ...? ಅಯ್ಯೋ ಪುಣ್ಯಾತ್ಮ!

ಹೇಳಬೇಕೆಂದು ಬಾಯಿ ತೆರೆದಳು.

ವಾಕಿ ಟಾಕಿ ಕರಕರ ಎಂದಿತು.

"ಸಿಕ್ಕಿದ್ಲು ಸಾರ್! ಜೀವ ಇದೆ! ಸಿಲ್ವರ್ ಓಕ್ ಮರದ ಬುಡದಲ್ಲಿ ಬಿದ್ದವ್ಳೆ. ಆನೆ ಹಳ್ಳದ ಕಡೆ ದಾಟ್ತು. ಜೀಪ್ ತನ್ನಿ!"

* * *

ಜೀಪಿನ ಹಿಂದಿನ ಸೀಟಿನಲ್ಲಿ ದೊಡ್ಡಿಯನ್ನು ಮಲಗಿಸಿಕೊಂಡು ಬಂದರು. ಎಡಗಾಲು ಮೊಣಕಾಲಿನ ಕೆಳಗೆ ವಿಕಾರವಾಗಿ ತಿರುಗಿತ್ತು. ಮುಖವೆಲ್ಲ ಗೀರು. ಕೂದಲಲ್ಲಿ ಮೆಣಸಿನ ಎಲೆ.

ಗೇಟಿನಲ್ಲಿ ಜೀಪು ನಿಂತೊಡನೆ ಅನುಶ್ರೀ ಓಡಿ ಅವಳ ಕೈ ಹಿಡಿದಳು.

ದೊಡ್ಡಿ ಕಣ್ಣು ತೆರೆದಳು.

"ಏನ್ ಕೂಸೇ... ಇವತ್ತು ಫೋನೇ ಮಾಡ್ಲಿಲ್ಲ ನೀನು? ಕೋಪವಾ ನನ್ನ ಮೇಲೆ?"

ಆ ಮಾತು! ಆನೆ ತುಳಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ತಪ್ಪು ನಂದು ದೊಡ್ಡಿ. ನಿನ್ನೆ ಒಂದು ಕೆಲಸ ಪರೀಕ್ಷೆ ಮಾಡದೆ ಬಿಟ್ಟೆ. ಅದಕ್ಕೇ ಫೋನ್ ಬರಲಿಲ್ಲ. ನಿನ್ನ ಕಾಲು... ನನ್ನಿಂದ..." ಬಿಕ್ಕಿದಳು.

ದೊಡ್ಡಿ ಅವಳನ್ನು ದಿಟ್ಟಿಸಿದಳು. ನಗಲಿಲ್ಲ. "ನಿಂದೇ ತಪ್ಪು. ನಾನು ಏಣಿ ಮೇಲಿದ್ದೆ, ಕೆಳಗೆ ತಾಯಿ ಆನೆ ಬಂದು ನಿಂತ್ಕಂತು. ಮರಿ ಬಂದು ಏಣಿಗೆ ಮೈ ತಿಕ್ತು, ಬಿದ್ದೆ. ಸತ್ತೆ ಅಂದ್ಕಂಡೆ ನಾನು. ಇನ್ನು ಈ ಪಿಕಿಂಗೆಲ್ಲ ಮಲಗೇ ಇರ್ಬೇಕು." ಉಸಿರೆಳೆದುಕೊಂಡಳು. "ಯಾಕ್ ಬಿಟ್ಟೆ?"

ಶಿಶಿರ್ ಒಂದು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನೂ ಕಾಯುತ್ತಿದ್ದ, ಅದೇ ಉತ್ತರಕ್ಕೆ.

ಅನುಶ್ರೀ ಸುಳ್ಳು ಹೇಳಲಿಲ್ಲ. ಈ ಹೆಂಗಸಿಗೆ ಸುಳ್ಳು ಹೇಳಲು ಸಾಧ್ಯವಿರಲಿಲ್ಲ.

"ಮನೆಗೆ ಗಂಡಿನ ಕಡೆಯವರು ಬಂದಿದ್ರು. ಚೆಕ್ ಹಾಕಿದ್ರೆ ಇವರು ಫೋನ್ ಮಾಡ್ತಿದ್ರು. ಇವರ ದನಿ ಕೇಳಿದ್ರೆ ನಾನು ಆ ಗಂಡಿನ ಮುಂದೆ ಹೋಗಿ ಕೂರೋಕೆ ಆಗ್ತಿರಲಿಲ್ಲ..."

ಬೆಳ್ಳಿಯಪ್ಪ ಕೆಮ್ಮಿ ಬೇರೆ ಕಡೆ ನೋಡಿದರು.

ಶಿಶಿರ್ ಮಾತ್ರ ನೋಡುತ್ತಲೇ ಇದ್ದ.

"ಹೌದಾ..." ದೊಡ್ಡಿಯ ಗೀರಿದ ತುಟಿಯ ಮೂಲೆ ಸ್ವಲ್ಪ ಅಲುಗಿತು. "ಆನೆ ಬಂದ್ರೆ ಏಣಿ ಹತ್ಬೋದು. ಗಂಡು ಬಂದ್ರೆ ಎಲ್ಲಿಗೆ ಹತ್ತೋದು ಹೇಳು! ಬಾಯಿ ಬಿಟ್ಟು ಹೇಳ್ಬೇಕು ಕೂಸೇ. ಎಲ್ರಿಗೂ ಹೇಳ್ತೀಯಲ್ಲ ಫೋನಲ್ಲಿ, ಹೊರಗೆ ಬರಬೇಡಿ ಅಂತ. ನಿಮ್ಮನೇಲಿ ಹೇಳಕ್ಕೆ ಏನಾಗಿತ್ತು?"

ಆಮೇಲೆ ನೋವಿಗೆ ಹಲ್ಲು ಕಚ್ಚಿ, "ನಡೀರೋ ಆಸ್ಪತ್ರೆಗೆ! ಇವ್ರ ಕಥೆ ಕೇಳ್ತಾ ನನ್ ಕಾಲು ಹೋಗ್ತದೆ!" ಎಂದಳು.

"ನಾನೂ ಬರ್ತೀನಿ."

"ನೀನ್ಯಾಕೆ? ನನ್ ಸೊಸೆ ಲಿಂಗಿ ಬತ್ತಾಳೆ. ನೀನು ಮೊದ್ಲು ಆ ಫೋನು ಸರಿ ಮಾಡು. ನಾಳೆನೂ ಆನೆ ಬತ್ತದೆ."

* * *

ಇಬ್ಬರೂ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತರು. ನಡುವೆ ಲ್ಯಾಪ್‌ಟಾಪ್.

ಸರಿಪಡಿಸಬೇಕಾದದ್ದು ನಾಲ್ಕೇ ಸಾಲು. ಹೊಸ ನಂಬರಾದರೂ, ಖಾತ್ರಿಯಾಗದಿದ್ದರೂ, ಆನೆಯ ಕರೆ ಮಾತ್ರ ಎಲ್ಲರಿಗೂ ಹೋಗಲಿ. ಬೈದರೆ ಬೈಯಲಿ. ಅವಳು ಬರೆದಳು, ಅವನು ಓದಿದ. ಅಲ್ಲಿಯವರೆಗೆ ಆನೆ ಕಂಡರೆ ಅವಳೇ ಎಲ್ಲರಿಗೂ ಫೋನ್ ಮಾಡುವುದೆಂದು ಬೆಳ್ಳಿಯಪ್ಪನವರಿಗೆ ಹೇಳಿದ್ದಾಗಿತ್ತು.

ಮರ್ಜ್ ಬಟನ್ ಮೇಲೆ ಅವಳ ಬೆರಳು ನಿಂತಿತು.

"ಎಲ್ಲ ಚೆಕ್ಕೂ ಓಡಲಿ," ಎಂದಳು.

"ಓಡಲಿ."

ಒತ್ತಿದಳು. ತೆರೆಯ ಮೇಲೆ ಹಳದಿ ಚುಕ್ಕಿ ತಿರುಗತೊಡಗಿತು.

ಅರ್ಧ ಗಂಟೆ... ಅವರದೇ ಅರ್ಧ ಗಂಟೆ. ಈ ಸಲ ಫೋನಿಲ್ಲ. ಮೊಣಕೈಗೆ ತಾಗುವಷ್ಟು ಹತ್ತಿರ ಅವನು.

"ಇವತ್ತು ಸಂಜೆಯೊಳಗೆ ಗಂಡಿನ ಕಡೆಯವರಿಗೆ ಉತ್ತರ ಹೇಳಬೇಕು," ಎಂದಳು ಅನುಶ್ರೀ. "ಅಮ್ಮ ಹೂಂ ಅಂತಾರೆ. ನಾನು ಯಾವತ್ತೂ ಬೇಡ ಅಂದವಳೇ ಅಲ್ವಲ್ಲ..."

ಅವನು ಕಾಲಬಳಿಯ ಒಣ ಎಲೆಯೊಂದನ್ನು ಎತ್ತಿ ಹರಿದ.

"ನಿನ್ನೆ ಹೇಳೋಕೆ ಅಂತ ಒಂದು ಮಾತು ಇಟ್ಕೊಂಡಿದ್ದೆ ಅಂದ್ರಲ್ಲ..."

"ಒಬ್ಬ ಹೆಂಗಸಿನ ಕಾಲು ಮುರಿದು ಕೂತಿದ್ದೀವಿ. ಈಗ ಹೇಳೋಕೆ ನಾಚಿಕೆ ಆಗ್ತಿದೆ."

"ನನಗೂ ಕೇಳೋಕೆ ನಾಚಿಕೆ. ಆದ್ರೂ ಹೇಳಿ. ಹೇಳದೇ ಇದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಶಿಶಿರ್ ಹಳದಿ ಚುಕ್ಕಿಯನ್ನೇ ನೋಡುತ್ತಾ ಹೇಳಿದ: "ಚೆಕ್ ಅರ್ಧ ಗಂಟೆ ತಗೊಳ್ಳುತ್ತೆ ಅಂತ ಎಲ್ಲರೂ ಬೈತಾರೆ. ಐದು ನಿಮಿಷಕ್ಕೆ ಇಳಿಸೋದು ನನಗೆ ಗೊತ್ತು. ಯಾವತ್ತೋ ಇಳಿಸಬಹುದಿತ್ತು. ಇಳಿಸಲಿಲ್ಲ. ಯಾಕಂದ್ರೆ ಆಮೇಲೆ ನೀನು ಐದೇ ನಿಮಿಷ ಸಿಗ್ತೀಯ."

ನೀನು!

ಅನುಶ್ರೀಯ ಎದೆಯೊಳಗೆ ಏನೋ ಒಡೆದು ಹರಿಯಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ಅವಳು ತನ್ನ ಬಳಿಯೇ ಉಳಿದಿದ್ದ ಅವನ ಫೋನ್ ತೆಗೆದಳು. ಬೆಳಿಗ್ಗೆಯಿಂದ ಅಷ್ಟು ಜನ ಅಪರಿಚಿತರಿಗೆ ಮಾಡಿದ ಫೋನು. ಇದೊಂದು ಕರೆ ಮಾತ್ರ ಎಲ್ಲಕ್ಕಿಂತ ಕಷ್ಟ.

"ಅಮ್ಮ... ನನಗೆ ಧರ್ಮೇಶ್ ಬೇಡ. ಇಲ್ಲ, ತಲೆ ಬಗ್ಗಿಸಿಲ್ಲ, ಬಾಯಿ ಬಿಟ್ಟೇ ಹೇಳ್ತಿದ್ದೀನಿ... ಹೌದಮ್ಮ, ಬೇರೆ ಇದ್ದಾರೆ... ಮಡಿಕೇರಿ. ದೇವಸ್ಥಾನದ ಅರ್ಚಕರ ಮಗ..."

ಆ ಕಡೆಯಿಂದ ವನಜಮ್ಮನ ದನಿ ಅವಳ ಕಿವಿ ತುಂಬಿತು. "ಅಯ್ಯೋ ನಿನ್ನ! ಅವ್ರು ಪೂಜೆ ಮನೆಯವ್ರು, ನಾವು ಕೋಳಿ ಸಾರಿನವ್ರು! ಯಾವ ಮಡಕೇಲಿ ಬೇಯಿಸಿ ಹಾಕ್ತೀಯೇ? ಮನೆಗೆ ಬಾ, ನಿಂಗಿದೆ!"

ಕಟ್ ಆಯಿತು.

"ಏನಂದ್ರು?" ಅವನು ಅವಳ ಕಡೆ ತಿರುಗಿದ.

"ಬೈದ್ರು. ಇಲ್ಲ ಅನ್ನಲಿಲ್ಲ..." ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಮನೇಲಿ?"

"ಅಪ್ಪ ನಾಲ್ಕು ದಿನ ಮಾತು ಬಿಡ್ತಾರೆ. ಹೇಳ್ತೀನಿ. ಇವತ್ತೇ."

"ಮೊದಲು ಆಸ್ಪತ್ರೆಗೆ."

"ಮೊದಲು ಆಸ್ಪತ್ರೆಗೆ. ದೊಡ್ಡಿ ಎದ್ದು ನಡೆಯೋವರೆಗೂ ನಾವಿಬ್ಬರೂ ಅವಳ ಮನೆಯವರೇ."

ಮಂಜು ಕರಗಿ, ಕಾಫಿ ಗಿಡಗಳ ಮೇಲೆ ಬಿಸಿಲು ಬಿತ್ತು. ಕೆಳಗಿನ ಲೈನಿನಿಂದ ಯಾರದೋ ಒಲೆಯ ಹೊಗೆ ಎದ್ದಿತು. ಹಳದಿ ಚುಕ್ಕಿ ತಿರುಗಿ ತಿರುಗಿ ನಿಂತಿತು.

ಹಸಿರು ಟಿಕ್!

ಇಬ್ಬರೂ ಏಳಲಿಲ್ಲ.

"ಬಂತು," ಎಂದ ಅವನು, ಅಭ್ಯಾಸದಂತೆ. "ಇಡ್ಲಾ?"

ಅನುಶ್ರೀ ಅವನ ಖಾಲಿ ಕೈಗಳನ್ನು ನೋಡಿದಳು.

"ಏನನ್ನ ಇಡ್ತೀರಿ ಶಿಶಿರ್? ನಿಮ್ಮ ಫೋನೂ ನನ್ನ ಹತ್ರಾನೇ ಇದೆ..."

ಮೊದಲ ಸಲ ಅವನ ಹೆಸರು ಹಿಡಿದು ಕರೆದಿದ್ದಳು.

ಅವನು ನಕ್ಕ. ಕೊನೆಯಲ್ಲಿ ಆ ನಗು ಸ್ವಲ್ಪ ಒಡೆಯಿತು. ಖಾಲಿ ಕೈಯನ್ನು ಅವಳ ಮುಂದೆ ಚಾಚಿದ.

"ಹಾಗಿದ್ರೆ ಇದನ್ನೇ ಹಿಡ್ಕೋ. ಇಡೋದು ಬೇಡ."

"ಹ್ಮ್..." ಎಂದಳು ಅನುಶ್ರೀ. ಹಿಡಿದುಕೊಂಡಳು.